ಯಂತ್ರ ಕೆಟ್ಟರೆ ಯಾವ ಕಡೆಗೆ?

ಮೈಸೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲಿನಲ್ಲಿ ನೀವು ಪ್ರಯಾಣ ಮಾಡಿದ್ದರೆ, ಕೃಷ್ಣರಾಜನಗರವನ್ನು ದಾಟಿದ ಮೇಲೆ ಅಕ್ಕಿಹೆಬ್ಬಾಳು ಎಂಬ ಚಿಕ್ಕ ಸ್ಟೇಷನ್ನನ್ನು ಕಂಡಿರುತ್ತೀರಿ. ಕೃಷ್ಣರಾಜಪೇಟೆ ತಾಲ್ಲೂಕಿಗೆ ಸೇರಿದ ಈ ಊರು ಹೇಮಾವತಿಯ ದಡದಲ್ಲಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1918ನೆಯ ಇಸವಿಯ ಹೊತ್ತಿಗೆ, ಈ ಮಾರ್ಗದಲ್ಲಿ ಉಗಿಬಂಡಿ ಓಡತೊಡಗಿತು. ಇಂದಿನ ಮೋಟಾರು ಕಾರಿನೊಳಗೆ ಅಡಗಿ ಕುಳಿತಿರುವ ಕಂಪ್ಯೂಟರಿನ ವಿಚಾರವನ್ನು ಹೇಳಹೊರಟವನು ಹಳೆಯ ರೈಲ್ವೆ ಸ್ಟೇಷನ್ನಿನಿಂದ ಏಕೆ ಮೊದಲುಮಾಡುತ್ತಾನೆಂದು ನೀವು ಕೇಳಬಹುದು. ಕಾರಣವಿದೆ. ಯಂತ್ರವೊಂದರ ಕೈಗೆ ಪ್ರಾಣವನ್ನು ಒಪ್ಪಿಸಿ ನಿಶ್ಚಿಂತೆಯಿಂದ ಕೂರುವುದನ್ನು ನಮ್ಮ ಹಳ್ಳಿಯ ಜನ ಮೊದಲು ಕಲಿತದ್ದು ರೈಲಿನಲ್ಲಿ. ಆ ನಿಶ್ಚಿಂತೆ ಎಲ್ಲಿಂದ ಬಂತೆಂಬುದನ್ನು ತಿಳಿದರೆ ಕಾರಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರಾಗಿ ಎರಡು ಗಾಡಿಗಳು ಬರದಂತೆ ನೋಡಿಕೊಳ್ಳುವುದು ಹೇಗೆ? ಅಕ್ಕಿಹೆಬ್ಬಾಳಿನಂಥ ಸ್ಟೇಷನ್ನುಗಳಿದ್ದ ಮಾರ್ಗಗಳಲ್ಲಿ ಹಿಂದೆ ಇದಕ್ಕೆ ಟೋಕನ್ ಎಂಬ ಉಪಾಯವಿತ್ತು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಒಂದು ಲೋಹದ ಗುಂಡು. ಅದು ಕೈಗೆ ಬಂದ ಹೊರತು ಡ್ರೈವರು ಮುಂದಿನ ಸ್ಟೇಷನ್ನಿಗೆ ಹೊರಡುವಂತಿರಲಿಲ್ಲ. ಎರಡೂ ಸ್ಟೇಷನ್ನುಗಳ ಪೆಟ್ಟಿಗೆಗಳು ತಂತಿಯಿಂದ ಒಂದಕ್ಕೊಂದು ಸೇರಿಕೊಂಡಿದ್ದುವು. ಒಂದು ಗುಂಡು ಹೊರಗಿದ್ದರೆ ಇನ್ನೊಂದು ಹೊರಬರುತ್ತಿರಲಿಲ್ಲ. ತಂತಿ ಕಡಿದುಹೋದರೂ ಗುಂಡು ಬರುತ್ತಿರಲಿಲ್ಲ. ಗಾಡಿ ತಡವಾಗಬಹುದು, ಡಿಕ್ಕಿಯಾಗಬಾರದು.

ಕೈಮರದ ಸಿಗ್ನಲ್ಲಿನದೂ ಇದೇ ನಡೆ. ತಂತಿ ತುಂಡಾದರೆ ಕೈ ತಾನಾಗಿ ಅಡ್ಡ ನಿಲ್ಲುತ್ತದೆ, 'ನಿಲ್ಲು' ಎನ್ನುತ್ತದೆ. ಗಾಡಿಯಲ್ಲಿ ಅಪಾಯದ ಸರಪಳಿಯನ್ನು ಎಳೆದರೆ ಬ್ರೇಕು ಬೀಳುವುದನ್ನು ನೀವು ಬಲ್ಲಿರಿ. ಡಬ್ಬಿಗಳ ಕೊಂಡಿ ಕಳಚಿ ಗಾಡಿ ಎರಡಾದರೂ ಬ್ರೇಕು ಅದೇ ರೀತಿ ತಾನಾಗಿಯೇ ಬೀಳುತ್ತದೆ. ಈ ಏರ್ಪಾಡುಗಳು ಒಂದೇ ದಿನ ಹುಟ್ಟಿದವಲ್ಲ. 1876ರ ಜನವರಿಯಲ್ಲಿ ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ ಎಂಬಲ್ಲಿ ಹಿಮ ಬಿದ್ದು ಸಿಗ್ನಲ್ಲಿನ ಕೈಗಳು 'ಹೋಗು' ಎಂಬ ಸ್ಥಿತಿಯಲ್ಲೇ ಹೆಪ್ಪುಗಟ್ಟಿದುವು. ಗಾಡಿಗಳು ಒಂದರ ಮೇಲೊಂದು ಬಿದ್ದು ಜನ ಸತ್ತರು. ಅಲ್ಲಿಂದ ಮುಂದೆ ಸಿಗ್ನಲ್ಲಿನ ಸಹಜಸ್ಥಿತಿ 'ನಿಲ್ಲು' ಎಂದೇ ಇರಬೇಕೆಂಬ ನಿಯಮ ಬಲವಾಯಿತು. ಕೆಡದ ಯಂತ್ರ ಲೋಕದಲ್ಲಿಲ್ಲ. ಕೆಡುವುದಾದರೆ ಕ್ಷೇಮದ ಕಡೆಗೆ ಕೆಡಲಿ ಎಂಬುದೇ ಇಂಜಿನಿಯರುಗಳು ಹೆಣಗಳ ಲೆಕ್ಕದಿಂದ ಕಲಿತ ಪಾಠ.

ಈಗ ಮೋಟಾರಿನ ವಿಚಾರಕ್ಕೆ ಬರೋಣ. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪಿತವಾದ ಮೈಕೋ ಕಂಪೆನಿಯ ಡೀಸೆಲ್ ಪಂಪು ನಾಡಿನ ಲಾರಿ ಬಸ್ಸುಗಳಲ್ಲೆಲ್ಲ ಮನೆಮಾತಾಗಿತ್ತು. ಅದರ ಒಳಗಿದ್ದುದು ಸ್ಪ್ರಿಂಗು, ಹಲ್ಲುಚಕ್ರ, ತೂಕದ ಗುಂಡುಗಳು. ಸದ್ದು ಕೇಳಿಯೇ ಮೆಕ್ಯಾನಿಕ್ಕು ರೋಗ ಹೇಳುತ್ತಿದ್ದನು. ಕಾಲಿನಡಿಯ ಪೆಡಲಿಗೂ ಇಂಜಿನಿಗೂ ನಡುವೆ ಇದ್ದುದು ಒಂದು ಕೇಬಲು. ಮೈಕೋದ ಮೂಲಸಂಸ್ಥೆಯಾದ ಜರ್ಮನಿಯ ಬಾಷ್ 1978ರಲ್ಲಿ ಚಕ್ರ ಜಾರದಂತೆ ಬ್ರೇಕನ್ನು ತಡೆತಡೆದು ಹಿಡಿಯುವ ಎಲೆಕ್ಟ್ರಾನಿಕ್ ಸಾಧನವನ್ನು ಮಾರುಕಟ್ಟೆಗೆ ತಂದಿತು. ಎಬಿಎಸ್ ಎಂದು ನೀವು ಕೇಳಿರುವುದು ಅದನ್ನೇ. ಬರುಬರುತ್ತಾ ಇಂಧನ, ಗಾಳಿಚೀಲ, ಸ್ಟಿಯರಿಂಗು ಎಲ್ಲಕ್ಕೂ ಒಂದೊಂದು ಪುಟ್ಟ ಕಂಪ್ಯೂಟರು ಬಂದು ಕೂತಿತು. ನಮ್ಮ ದೇಶದಲ್ಲಿ 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಇಂದು ಒಂದು ಸಾಮಾನ್ಯ ಕಾರಿನಲ್ಲಿಯೂ ಇಂಥ ಕಂಪ್ಯೂಟರುಗಳು ಹತ್ತಾರು ಇರುತ್ತವೆ.

ರೈಲಿನ ಪಾಠ ಇಲ್ಲಿಗೂ ಸಲ್ಲುತ್ತದೆಯೆ? ಸ್ವಲ್ಪಮಟ್ಟಿಗೆ ಸಲ್ಲುತ್ತದೆ. ಎಬಿಎಸ್ ಕೆಟ್ಟರೆ ಸಾಮಾನ್ಯವಾಗಿ ಹಳೆಯ ರೀತಿಯ ಬ್ರೇಕು ಉಳಿದೇ ಇರುತ್ತದೆ. ಕೇಬಲಿಲ್ಲದ ಪೆಡಲಿನಲ್ಲಿ, ಕಾಲು ಎಷ್ಟು ಒತ್ತಿದೆಯೆಂದು ಅಳೆಯುವ ಅಳತೆಗಾರರು ಇಬ್ಬರಿರುತ್ತಾರೆ. ಇಬ್ಬರ ಮಾತು ಕೂಡದಿದ್ದರೆ ಕಂಪ್ಯೂಟರು ಇಬ್ಬರನ್ನೂ ಸಂದೇಹಿಸಿ ಇಂಜಿನನ್ನು ಮೆಲ್ಲಗೆ ಓಡಿಸುತ್ತದೆ; ಕುಂಟುತ್ತಲಾದರೂ ಮನೆ ಸೇರಬಹುದು. ಆದರೆ ಒಂದು ವ್ಯತ್ಯಾಸವುಂಟು. ರೈಲಿಗೆ ನಿಲ್ಲುವುದೇ ಕ್ಷೇಮ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಗಂಟೆಗೆ 100 ಕಿಲೋಮೀಟರಿನಲ್ಲಿ ಹೋಗುವ ಕಾರು ಥಟ್ಟನೆ ನಿಂತರೆ ಹಿಂದಿನ ಲಾರಿ ಬಂದು ಬಡಿಯುತ್ತದೆ. ಗಾಳಿಚೀಲದ ಪಾಡಂತೂ ಇನ್ನೂ ಕಠಿನ. ಡಿಕ್ಕಿಯಾದಾಗ ಅದು ಉಬ್ಬದಿದ್ದರೂ ಅಪಾಯ, ಸುಮ್ಮನೆ ಹೋಗುತ್ತಿರುವಾಗ ಉಬ್ಬಿದರೂ ಅಪಾಯ. ಉಬ್ಬಬೇಕೆ ಬೇಡವೆ ಎಂಬುದನ್ನು ಅದು ಸೆಕೆಂಡಿನ ನೂರರಲ್ಲಿ ಎರಡು ಮೂರು ಭಾಗದಷ್ಟು ಹೊತ್ತಿನಲ್ಲಿ ನಿರ್ಧರಿಸಬೇಕು. ನಾವು ಎವೆ ಮುಚ್ಚುವುದಕ್ಕೂ ಅದಕ್ಕಿಂತ ಹೆಚ್ಚು ಕಾಲ ಬೇಕು. ಇಂಥ ಯಂತ್ರಕ್ಕೆ ಕ್ಷೇಮದ ಕಡೆ ಎಂಬುದೇ ಇಲ್ಲ.

ಇನ್ನೊಂದು ತೊಡಕೂ ಇದೆ. ಮುರಿದ ಆಕ್ಸಲನ್ನು ನ್ಯಾಯಾಧೀಶರ ಮೇಜಿನ ಮೇಲೆ ಇಟ್ಟು ತೋರಿಸಬಹುದು. ಒಂದು ಕ್ಷಣ ತಪ್ಪಿದ ಲೆಕ್ಕವನ್ನು ಹೇಗೆ ತೋರಿಸುವುದು? ಅಮೆರಿಕದಲ್ಲಿ ಟೊಯೋಟ ಕಾರುಗಳು ತಾವಾಗಿ ವೇಗ ಏರಿಸಿಕೊಳ್ಳುತ್ತವೆಂಬ ದೂರು ಎದ್ದು, 2009–10ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸು ಕರೆಸಬೇಕಾಯಿತು. ಅಲ್ಲಿನ ಸರ್ಕಾರ ಆಕಾಶಯಾನದ ಸಂಸ್ಥೆಯಾದ ನಾಸಾದ ಇಂಜಿನಿಯರುಗಳನ್ನು ಪರೀಕ್ಷೆಗೆ ಕರೆಯಿತು. ಪೆಡಲಿಗೆ ನೆಲಹಾಸು ಸಿಕ್ಕಿಕೊಂಡದ್ದು, ಪೆಡಲು ಅಂಟಿಕೊಂಡದ್ದು ಕಾರಣಗಳೆಂದು ಗೊತ್ತಾಯಿತು. ಎಲೆಕ್ಟ್ರಾನಿಕ್ ದೋಷಕ್ಕೆ ಪುರಾವೆ ಸಿಗಲಿಲ್ಲವೆಂದು 2011ರ ವರದಿ ಹೇಳಿತು. ಸಿಗಲಿಲ್ಲವೆಂದ ಮಾತ್ರಕ್ಕೆ ಇಲ್ಲವೇ ಇಲ್ಲವೆಂದು ಸಾಧಿಸಿದಂತಾಗದು ಎಂಬುದನ್ನೂ ನಾಸಾದವರು ಒಪ್ಪಿಕೊಂಡಿದ್ದರು. 2013ರಲ್ಲಿ ಓಕ್ಲಹೋಮ ರಾಜ್ಯದ ನ್ಯಾಯಾಲಯವೊಂದರಲ್ಲಿ, ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದ ತಜ್ಞರು ಅದರಲ್ಲಿ ದೋಷಗಳಿವೆಯೆಂದು ಸಾಕ್ಷಿ ನುಡಿದರು. ಜ್ಯೂರಿಯ ತೀರ್ಪು ಕಂಪೆನಿಯ ವಿರುದ್ಧವಾಯಿತು. ಇಬ್ಬರು ಬಲ್ಲವರು ಒಂದೇ ಯಂತ್ರವನ್ನು ನೋಡಿ ಬೇರೆ ಬೇರೆ ಮಾತಾಡಿದ ಈ ಪ್ರಸಂಗ ನಮಗೆ ಎಚ್ಚರ ಹೇಳುವಂಥದು.

ದೂರದ ಕಥೆ ಎಂದು ತಳ್ಳಿಹಾಕಬೇಡಿ. ಮೈಸೂರು ರಸ್ತೆಯ ಮೇಲಿನ ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ ಇದೆ. ಅಲ್ಲಿ ತಯಾರಾಗುವ ಹೈರೈಡರ್ ಕಾರೂ ಸೇರಿ ಎರಡು ಬಗೆಯ 1,390 ಕಾರುಗಳನ್ನು 2023ರ ಜನವರಿಯಲ್ಲಿ ಕಂಪೆನಿ ವಾಪಸು ಕರೆಸಿತು. ಅದೇ ತಿಂಗಳು ಮಾರುತಿ ಸುಜುಕಿಯವರು ಅದೇ ಕಾರಣಕ್ಕೆ 17,362 ಕಾರುಗಳನ್ನು ಕರೆಸಿದರು. ಕಾರಣವೇನು? ಗಾಳಿಚೀಲವನ್ನು ನಡೆಸುವ ಕಂಪ್ಯೂಟರು ಪೆಟ್ಟಿಗೆಯಲ್ಲಿ ದೋಷವಿರಬಹುದೆಂಬ ಸಂದೇಹ. ಅಪರೂಪಕ್ಕೆ, ಡಿಕ್ಕಿಯಾದಾಗ ಚೀಲ ಉಬ್ಬದೆ ಹೋಗಬಹುದೆಂದು ಅವರೇ ಪ್ರಕಟಿಸಿದರು. ಯಾರೂ ಸಾಯುವ ಮುಂಚೆ ಹೀಗೆ ಹೇಳಿಕೊಳ್ಳುವುದು ಮೆಚ್ಚತಕ್ಕ ಮಾತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 110ಎ ಪ್ರಕರಣದಂತೆ, ದೋಷವಿರುವ ವಾಹನಗಳನ್ನು ವಾಪಸು ಪಡೆಯಿರೆಂದು ಕಂಪೆನಿಗೆ ಆಜ್ಞೆ ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೂ ಇದೆ.

ಆದರೆ ಎಷ್ಟೇ ಒಳ್ಳೆಯ ಏರ್ಪಾಡಾದರೂ ಮನುಷ್ಯ ಅದನ್ನು ಬಳಸಿಕೊಂಡು ಹೋಗಬಲ್ಲ. ಇದಕ್ಕೆ ಮತ್ತೆ ರೈಲಿನ ಉದಾಹರಣೆಯೇ ಸಾಕು. ಅಕ್ಕಿಹೆಬ್ಬಾಳಿನಂತೆಯೇ ಮೈಸೂರು ವಿಭಾಗಕ್ಕೆ ಸೇರಿದ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ, 2023ರ ಫೆಬ್ರವರಿ 8ರಂದು, ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿಗೆ ಸಿಗ್ನಲ್ಲು ಸಿಕ್ಕಿತ್ತು. ದಾರಿ ಮಾತ್ರ ತಪ್ಪು ಹಳಿಯತ್ತ ತಿರುಗಿತ್ತು. ಡ್ರೈವರು ಕಣ್ಣಿಟ್ಟು ನೋಡಿ ಗಾಡಿಯನ್ನು ನಿಲ್ಲಿಸಿದುದರಿಂದ ಜನ ಉಳಿದರು. ಸಿಗ್ನಲ್ಲು ಕೊಟ್ಟ ಮೇಲೂ ಪೆಟ್ಟಿಗೆ ತೆರೆದು ಕೈಯಾಡಿಸಿದರೆ ದಾರಿ ಬದಲಾಗಬಲ್ಲದೆಂಬ ಅಪಾಯವನ್ನು ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಕಾಗದ ಬರೆದು ತಿಳಿಸಿದರು. ನಾಲ್ಕು ತಿಂಗಳು ತುಂಬುವ ಮೊದಲೇ, ಜೂನ್ 2ರಂದು, ಒಡಿಶಾದ ಬಾಲಸೋರ್ ಬಳಿ ಸಿಗ್ನಲ್ಲಿನ ತಂತಿಗಳನ್ನು ತಪ್ಪಾಗಿ ಜೋಡಿಸಿದ್ದರಿಂದ 290ಕ್ಕೂ ಹೆಚ್ಚು ಜನ ಸತ್ತರು.

ಕಾರಿನಲ್ಲಿ ಈ ಪೆಟ್ಟಿಗೆ ತೆರೆದು ಕೈಯಾಡಿಸುವವರು ಯಾರು? ಹಲವು ವೇಳೆ ನಾವೇ. ಗಾಳಿಚೀಲದ ಕಂಪ್ಯೂಟರು ತನ್ನಲ್ಲಿ ದೋಷ ಕಂಡಾಗ ಮಾಡಬಲ್ಲ ಕೆಲಸ ಒಂದೇ: ಡ್ರೈವರಿನ ಕಣ್ಣೆದುರು ಒಂದು ದೀಪ ಹಚ್ಚುವುದು. ಕ್ಷೇಮದ ಕಡೆ ಇಲ್ಲದ ಯಂತ್ರ ತನ್ನ ಸಂದೇಹವನ್ನು ಮನುಷ್ಯನಿಗೆ ಒಪ್ಪಿಸಿಬಿಡುತ್ತದೆ. ಆ ದೀಪದ ಮೇಲೆ ಕರಿಯ ಟೇಪು ಅಂಟಿಸಿದ ಬಾಡಿಗೆ ಕಾರಿನಲ್ಲಿ ನಾನೇ ಕೂತು ಬಂದಿದ್ದೇನೆ. "ಏನಿಲ್ಲ ಸ್ವಾಮಿ, ಸೆನ್ಸರು ಸುಮ್ಮನೆ ಉರಿಯುತ್ತೆ, ಗಾಡಿ ಚೆನ್ನಾಗೇ ಓಡುತ್ತೆ" ಎಂದನು ಡ್ರೈವರು. ಗಾಡಿ ಚೆನ್ನಾಗಿಯೇ ಓಡಿತು. ಹಿಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿ ಒಂದು ಮಗುವಿತ್ತು. ಊರು ಸೇರುವವರೆಗೆ ನನ್ನ ಕಣ್ಣು ಆ ಟೇಪಿನ ಮೇಲಿಂದ ಕದಲಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನೊಂದು ಮಾತು. ನಮ್ಮ ಹಳ್ಳಿಗಳಲ್ಲಿ ಓಡುವ ಕಾರುಗಳು ಎಷ್ಟೋ ವೇಳೆ ಎರಡನೆಯ, ಮೂರನೆಯ ಕೈಗೆ ಬಂದವು. ಕಂಪೆನಿ ವಾಪಸು ಕರೆಯುವ ಕಾಗದ ಮೊದಲ ಮಾಲೀಕನ ವಿಳಾಸಕ್ಕೆ ಹೋದರೆ ಈಗಿನವನಿಗೆ ಸುದ್ದಿಯೇ ಮುಟ್ಟದೆ ಹೋಗಬಹುದು. ಹಳೆಯ ಕಾರನ್ನು ಕೊಂಡವರು ಅದರ ಚಾಸಿ ನಂಬರನ್ನು ಕಂಪೆನಿಯ ಸರ್ವೀಸ್ ಕೇಂದ್ರದಲ್ಲಿ ತೋರಿಸಿ, ಕರೆಯಿದೆಯೆ ಎಂದು ವಿಚಾರಿಸುವುದು ಒಳ್ಳೆಯದು. ಇಂಥ ದೋಷದ ರಿಪೇರಿಗೆ ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ಕೀಲಿ ತಿರುಗಿಸಿದಾಗ ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹೊತ್ತಿ ಆರಬೇಕು. ಹೊತ್ತಿದ್ದು ಆರದಿದ್ದರೂ, ಹೊತ್ತಬೇಕಾದ್ದು ಹೊತ್ತದಿದ್ದರೂ ತಿಳಿದವರಿಗೆ ತೋರಿಸಿ.

ಟೋಕನ್ನಿನ ಗುಂಡು ಕೈಗೆ ಬರದಿದ್ದರೆ ಆ ಕಾಲದ ಡ್ರೈವರು ಗಾಡಿಯನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದನು. ಪ್ರಯಾಣಿಕರು ಗೊಣಗುತ್ತಿದ್ದರು. ಆ ಗೊಣಗಾಟವನ್ನು ಸಹಿಸಿಕೊಂಡು ನಿಲ್ಲುತ್ತಿದ್ದವನಿಂದಲೇ ನಮ್ಮ ಹಿರಿಯರು ನೆಮ್ಮದಿಯಾಗಿ ಊರು ಮುಟ್ಟಿದರು. ನಾಳೆ ನೀವು ಕೂರುವ ಕಾರಿನಲ್ಲಿ ಆ ದೀಪ ಉರಿಯುತ್ತಿದ್ದರೆ, ನಾನು ಸುಮ್ಮನಿದ್ದಂತೆ ನೀವು ಸುಮ್ಮನಿರಬೇಡಿ.