ಪೊರಕೆಗೆ ಚಕ್ರ ಬಂದ ಕಥೆ



ನೇಗಿಲಿನ ಚರಿತ್ರೆ ಕೇಳಿದ್ದೀರಿ, ಗಾಡಿಯ ಚರಿತ್ರೆ ಕೇಳಿದ್ದೀರಿ. ಇವತ್ತು ಪೊರಕೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ. "ಪೊರಕೆಗೂ ಒಂದು ಚರಿತ್ರೆಯೇ?" ಅಂತ ನಗಬೇಡಿ. ಉಂಟು. ಆ ಚರಿತ್ರೆ ಅರ್ಥವಾಗಬೇಕಾದರೆ ಮೊದಲು ನಮ್ಮ ಕಣಕ್ಕೇ ಹೋಗಬೇಕು.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ ಕಣ ಮಾಡುತ್ತಿದ್ದ ಕ್ರಮ ಹಿರಿಯರಿಗೆಲ್ಲ ಗೊತ್ತು. ನೆಲ ಕೆತ್ತಿ, ಕಲ್ಲು ಆರಿಸಿ, ನೀರು ಹೊಯ್ದು, ಮಣ್ಣು ಹದಕ್ಕೆ ಬಂದಾಗ ಗುಂಡು ಎಳೆದು ಗಟ್ಟಿ ಮಾಡುತ್ತಿದ್ದರು. ಮೇಲೆ ಸಗಣಿಯ ಬಗ್ಗಡ ಬಳಿದು ಒಣಗಿಸುತ್ತಿದ್ದರು. ಕಣದೊಳಕ್ಕೆ ಚಪ್ಪಲಿ ಮೆಟ್ಟಿ ಬರುವ ಹಾಗಿರಲಿಲ್ಲ. ಇದು ಬರೀ ಮಡಿಯ ಮಾತಲ್ಲ. ಚಪ್ಪಲಿಗೆ ಅಂಟಿ ಬಂದ ಮರಳೇ ನಾಳೆ ಮುದ್ದೆಯಲ್ಲಿ ಹಲ್ಲಿಗೆ ಸಿಗುತ್ತದಲ್ಲವೇ?

ಈ ಕಣದ ಕೆಲಸದಲ್ಲಿ ಒಂದು ಸಂಗತಿ ಗಮನಿಸಿ. ಉಳುವ ನೇಗಿಲಿಗೆ ಎತ್ತು ಕಟ್ಟಿದೆವು. ಕುಂಟೆಗೆ ಕಟ್ಟಿದೆವು, ಗಾಡಿಗೆ ಕಟ್ಟಿದೆವು, ಕಣದಲ್ಲಿ ಉರುಳುವ ರೋಣಗಲ್ಲಿಗೂ ಕಟ್ಟಿದೆವು. ಆದರೆ ಪೊರಕೆಗೆ ಮಾತ್ರ ಯಾವ ಎತ್ತನ್ನೂ ಕಟ್ಟಲಿಲ್ಲ. ಒಕ್ಕಣೆಗೆ ಮುಂಚೆ ಗುಡಿಸಬೇಕು, ಹುಲ್ಲು ತೆಗೆದ ಮೇಲೆ ಗುಡಿಸಬೇಕು, ರಾಶಿ ಅಳೆದ ಮೇಲೆ ಉದುರಿದ ಕಾಳಿಗಾಗಿ ಮತ್ತೊಮ್ಮೆ ಗುಡಿಸಬೇಕು. ಇದೆಲ್ಲ ಹೆಚ್ಚಾಗಿ ಹೆಂಗಸರ ಪಾಲಿನ ಕೆಲಸ. ಸೊಂಟ ಬಗ್ಗಿಸಿ, ಧೂಳು ಕುಡಿದು ಮಾಡುವ ಕೆಲಸ. ಅದು ಕೆಲಸವೆಂದು ಲೆಕ್ಕಕ್ಕೆ ಬಂದದ್ದೂ ಕಡಿಮೆ.

ಪೊರಕೆಗೆ ಪ್ರಾಣಿಯನ್ನು ಕಟ್ಟುವ ಯೋಚನೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಟ್ಟಣದಲ್ಲಿ ಕೈಗೂಡಿತು. ಹತ್ತಿ ಗಿರಣಿಗಳಿಂದ ಬೆಳೆದ ಊರು ಅದು. ಬೀದಿ ತುಂಬ ಕುದುರೆಗಾಡಿ. ಆದ್ದರಿಂದ ಬೀದಿ ತುಂಬ ಲದ್ದಿ, ಕೆಸರು. ಅಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ ಇದ್ದರು. ನಟ್ಟು ಬೋಲ್ಟುಗಳ ಸುತ್ತುಗಳಿಗೆಲ್ಲ ಒಂದೇ ಅಳತೆ ಇರಬೇಕೆಂದು 1841ರಲ್ಲಿ ತೋರಿಸಿಕೊಟ್ಟವರು ಅವರೇ. ಅದಾದ ಒಂದೆರಡು ವರ್ಷಗಳಲ್ಲಿ ಅವರು ಬೀದಿ ಗುಡಿಸುವ ಗಾಡಿಯೊಂದನ್ನು ಮಾಡಿದರು. ಗಾಡಿಯ ಹಿಂದೆ ಸಾಲಾಗಿ ಪೊರಕೆಗಳು. ಕುದುರೆ ಎಳೆದಂತೆ ಗಾಡಿಯ ಚಕ್ರ ತಿರುಗುತ್ತದೆ. ಚಕ್ರ ತಿರುಗಿದಂತೆ ಪೊರಕೆಗಳೂ ಒಂದರ ಹಿಂದೊಂದು ನೆಲ ಸವರಿ, ಕಸವನ್ನು ಇಳಿಜಾರು ಹಲಗೆಯ ಮೇಲೆ ಏರಿಸಿ ಗಾಡಿಗೇ ತುಂಬುತ್ತವೆ. ಉಗಿ ಬೇಕಿಲ್ಲ, ಎಣ್ಣೆ ಬೇಕಿಲ್ಲ. ನಡೆಯುವ ಕುದುರೆಯ ಬಲವೇ ಗುಡಿಸುವ ಬಲ.

ಇದೇ ಯುಕ್ತಿ ಮುಂದೆ ಮನೆಯೊಳಕ್ಕೂ ಬಂತು. 1876ರಲ್ಲಿ ಅಮೆರಿಕಾದ ಮೆಲ್ವಿಲ್ ಬಿಸೆಲ್ ಎಂಬವರು ಜಮಖಾನೆ ಗುಡಿಸುವ ಪುಟ್ಟ ಪೆಟ್ಟಿಗೆಗೆ ಹಕ್ಕುಪತ್ರ ಪಡೆದರು. ಹಿಡಿ ಹಿಡಿದು ತಳ್ಳಿದರೆ ಸಾಕು, ಕೆಳಗಿನ ಚಕ್ರದಿಂದಲೇ ಒಳಗಿನ ಬ್ರಷ್ಷು ತಿರುಗುತ್ತದೆ. ಆಮೇಲೆ ಮೋಟಾರು ಬಂತು, ಟ್ರ್ಯಾಕ್ಟರು ಬಂತು. ಇವತ್ತು ಟ್ರ್ಯಾಕ್ಟರಿನ ಹಿಂದೆ ಎಳೆಯುವ ಉರುಳು ಪೊರಕೆ ಆಟದ ಬಯಲುಗಳಲ್ಲಿ ದುಡಿಯುತ್ತದೆ. ಮಲಗಿದ ಹುಲ್ಲನ್ನು ಎಬ್ಬಿಸುತ್ತದೆ. ಹುಲ್ಲಿನ ಮೇಲೆ ಚೆಲ್ಲಿದ ಮರಳನ್ನು ಬುಡಕ್ಕೆ ಇಳಿಸುತ್ತದೆ. ಕುದುರೆ ಓಡುವ ಮರಳಿನ ಹಾದಿಯ ಉಬ್ಬುತಗ್ಗುಗಳನ್ನು ಸರಿ ಮಾಡುತ್ತದೆ.

ಇದರ ಒಳಗುಟ್ಟು ಸೈಕಲ್ಲು ಬಲ್ಲವರಿಗೆಲ್ಲ ಗೊತ್ತಿರುವುದೇ. ಪೆಡಲ್ಲಿನ ಹಲ್ಲಿನ ಚಕ್ರ ದೊಡ್ಡದು, ಹಿಂದಿನದು ಚಿಕ್ಕದು. ಒಂದು ಸಲ ತುಳಿದರೆ ಹಿಂದಿನ ಗಾಲಿ ಒಂದಕ್ಕಿಂತ ಹೆಚ್ಚು ಸುತ್ತು ಹಾಕುತ್ತದೆ. ಹಾಗೆಯೇ ಇಲ್ಲಿ. ಎರಡಡಿ ಅಡ್ಡಳತೆಯ ಗಾಲಿ ಒಂದು ಸುತ್ತು ಬಂದರೆ ಸುಮಾರು ಆರೂಕಾಲು ಅಡಿ ಮುಂದೆ ಹೋಗುತ್ತದೆ. ಗಾಲಿಯ ಕಡೆ 40 ಹಲ್ಲು, ಪೊರಕೆಯ ಕಡೆ 10 ಹಲ್ಲು ಇಟ್ಟು ಸರಪಳಿ ಹಾಕಿದರೆ, ಅಷ್ಟು ದೂರದಲ್ಲಿ ಪೊರಕೆ ನಾಲ್ಕು ಸುತ್ತು ತಿರುಗುತ್ತದೆ. ಪೊರಕೆಯನ್ನು ಸ್ವಲ್ಪ ಓರೆಯಾಗಿ ಇಟ್ಟರೆ ಕಸವೆಲ್ಲ ಒಂದೇ ಪಕ್ಕಕ್ಕೆ ಸಾಲಾಗಿ ಬೀಳುತ್ತದೆ.

"ಇದೆಲ್ಲ ಸರಿ ಸ್ವಾಮಿ, ನಮಗೇನು?" ಅಂತ ಕೇಳುತ್ತೀರಿ. ಹೇಳುತ್ತೇನೆ.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಪ್ರಾರಂಭವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಈ ಕಡೆಯ ಬಯಲುಗಳಿಗೆ ಹರಿಯಿತು. ಅದನ್ನೇ ಈಗ ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ರಾಗಿಯ ಹೊಲ ಕಬ್ಬಿನ ಗದ್ದೆಯಾಯಿತು. ಕಬ್ಬಿಗೆ ಕಣ ಬೇಡ. ನೀರು ಬಂದ ಭೂಮಿಗೆ ಬೆಲೆ ಬಂತು; ವರ್ಷದಲ್ಲಿ ಕೆಲವೇ ವಾರ ಬೇಕಾಗುವ ಕಣಕ್ಕೆ ಜಾಗ ಬಿಡುವುದು ಭಾರವೆನಿಸಿತು. ಎತ್ತಿನ ಜೋಡಿಗಳೂ ಕಡಿಮೆಯಾದವು. ಆದರೆ ರಾಗಿ, ಹುರುಳಿ, ಭತ್ತ ಬೆಳೆಯುವುದು ನಿಲ್ಲಲಿಲ್ಲ. ಕಣವಿಲ್ಲದ ಬೆಳೆ ಎಲ್ಲಿಗೆ ಹೋಯಿತು? ಡಾಂಬರು ರಸ್ತೆಗೆ.

ರಸ್ತೆ ಗಟ್ಟಿ, ಬಿಸಿಲು ಧಾರಾಳ, ತುಳಿಯಲು ಬಸ್ಸು ಲಾರಿಗಳುಂಟು. ಖರ್ಚಿಲ್ಲದ ಕಣ ಅಂತ ಕಾಣುತ್ತದೆ. ಖರ್ಚು ಬೇರೆ ಕಡೆ ಇದೆ. ಹುಲ್ಲಿನ ಮೇಲೆ ದ್ವಿಚಕ್ರದವರು ಜಾರಿ ಬೀಳುತ್ತಾರೆ. ಹುರುಳಿ ಬಳ್ಳಿ ಕಾರಿನ ಅಚ್ಚಿಗೆ ಸುತ್ತಿಕೊಂಡು ಬಿಸಿಯೇರಿ ಬೆಂಕಿ ಹತ್ತಿದ್ದುಂಟು. ಎಲ್ಲಕ್ಕಿಂತ ಅಪಾಯ, ಬರುವ ಗಾಡಿಗೆ ಬೆನ್ನು ಮಾಡಿ, ಬಗ್ಗಿ ಕಾಳು ಗುಡಿಸುತ್ತಿರುವ ನಮ್ಮ ಮನೆಯ ಹೆಣ್ಣುಮಗಳಿಗೆ. ಒಂದು ಸೇರು ರಾಗಿಗಾಗಿ ಆಕೆ ನಿಂತಿರುವ ಜಾಗ ಎಂಥದು ಅಂತ ಒಮ್ಮೆ ಯೋಚಿಸಿ.

ಕಾನೂನಿನ ಮಾತೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಂತೆ, ಸಾರ್ವಜನಿಕ ದಾರಿಯಲ್ಲಿ ಅಡ್ಡಿ ಅಥವಾ ಅಪಾಯ ಉಂಟುಮಾಡಿದರೆ 5,000 ರೂಪಾಯಿವರೆಗೆ ದಂಡ. ಇನ್ನು ಮಾಲಿನ ಮಾತು. ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವ ಭತ್ತದಲ್ಲಿ ಕಲ್ಲು ಮಣ್ಣು ನೂರಕ್ಕೆ ಒಂದು ಪಾಲು ಮೀರಬಾರದು, ತೇವ ನೂರಕ್ಕೆ 17 ಮೀರಬಾರದು ಎಂಬುದು ಇತ್ತೀಚಿನ ಹಂಗಾಮುಗಳ ನಿಯಮ. ರಸ್ತೆಯ ಮರಳು, ಡಾಂಬರಿನ ಚೂರು ಸೇರಿದ ಕಾಳು ಅಲ್ಲಿ ಹಿಂದಕ್ಕೆ ಬಂದರೆ ನಷ್ಟ ಯಾರಿಗೆ?

ಆದುದರಿಂದ ಊರಿಗೊಂದು ಸಾಮೂಹಿಕ ಕಣ ಬೇಕು. ಗ್ರಾಮ ಸಭೆಯಲ್ಲಿ ಈ ಮಾತೆತ್ತಿ. ನೀರು ನಿಲ್ಲದ ಎತ್ತರದ ಜಾಗ, ಒಂದು ಕಡೆಗೆ ಕೊಂಚ ಇಳಿಜಾರು, ಗಾಳಿ ಆಡುವಂತಿರಬೇಕು. ಸಿಮೆಂಟಿನ ಕಣವಾದರೆ ಉರುಳು ಪೊರಕೆ ಅಲ್ಲಿ ಚೆನ್ನಾಗಿ ನಡೆಯುತ್ತದೆ. ದೊಡ್ಡ ಕಣಕ್ಕೆ ಟ್ರ್ಯಾಕ್ಟರಿನ ಹಿಂದೆ ಎಳೆಯುವುದು. ಸಂಘದವರು ಸೇರಿ ಒಂದನ್ನು ಕೊಂಡರೆ ಎಲ್ಲರಿಗೂ ಸರದಿಯ ಮೇಲೆ ಆದೀತು. ಚಿಕ್ಕ ಕಣಕ್ಕೆ ನಿಂತುಕೊಂಡೇ ತಳ್ಳುವ ಎರಡು ಚಕ್ರದ ಪೊರಕೆ ಸಾಕು. ಸೊಂಟ ಬಗ್ಗಿಸುವ ಕಷ್ಟವಾದರೂ ತಪ್ಪುತ್ತದೆ.

ಬಳಸುವಾಗ ಕೆಲವು ಮಾತು ನೆನಪಿಡಿ. ಕಡ್ಡಿಯ ತುದಿ ಮಾತ್ರ ನೆಲಕ್ಕೆ ತಾಗಬೇಕು. ಒತ್ತಿ ಇಳಿಸಿದರೆ ಕಡ್ಡಿ ಬಗ್ಗಿ ಬೇಗ ಸವೆಯುತ್ತದೆ, ಗುಡಿಸುವುದೂ ಇಲ್ಲ. ಸಗಣಿ ಬಳಿದ ಮಣ್ಣಿನ ಕಣಕ್ಕೆ ಇದು ಬೇಡ. ಮೇಲಿನ ಪದರವನ್ನೇ ಕಿತ್ತು ಧೂಳು ಮಾಡುತ್ತದೆ, ಅಲ್ಲಿ ಕೈಪೊರಕೆಯೇ ಸರಿ. ಕಾಳು ಹರಡುವುದಕ್ಕೆ ಮುಂಚೆ, ಮತ್ತು ಕಾಳು ತುಂಬಿದ ಮೇಲೆ ಇದನ್ನು ಓಡಿಸಿ. ಕಾಳಿನ ರಾಶಿ ಎಳೆಯಲು ಇದನ್ನು ಹಚ್ಚಿದರೆ ಕಾಳು ಸಿಡಿದು ಚೆಲ್ಲುತ್ತದೆ. ಅದಕ್ಕೆ ನಮ್ಮ ಹಳೆಯ ಗೋರುಹಲಗೆಯೇ ಸರಿ. ಸರಪಳಿಗೆ ಮುಚ್ಚಳ ಕಡ್ಡಾಯ. ಸೀರೆಯ ಸೆರಗು, ಜಡೆ, ಮಕ್ಕಳ ಕೈ ಹತ್ತಿರ ಸುಳಿಯಬಾರದು.

ಯಂತ್ರ ಕೊಳ್ಳುವುದು ನಾಳೆಯ ಮಾತಾದರೂ ಆಗಲಿ. ರಸ್ತೆ ಬಿಡುವುದು ಮಾತ್ರ ಈ ಸುಗ್ಗಿಯಲ್ಲೇ ಆಗಬೇಕು. ಗುಂಡಿಗೆ ಎತ್ತು ಕಟ್ಟುವ ಬುದ್ಧಿ ನಮ್ಮ ಹಿರಿಯರಿಗಿತ್ತು. ಪೊರಕೆ ಹಿಡಿದವಳ ಬೆನ್ನಿನ ಭಾರ ಇಳಿಸುವ ಬುದ್ಧಿ ನಮಗೆ ಬಂದರೆ, ರಾಶಿಯೂ ಶುದ್ಧ, ಮನೆಯೂ ಸುಖ.