ಬದನೆಕಾಯಿಯ ಕಪ್ಪು, ಕಾರ್ಖಾನೆಯ ನೀರು

ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುತ್ತದೆ. ಬಾಳೆಕಾಯಿಯದೂ ಅದೇ ಪಾಡು. ಕಾಯಿಯಲ್ಲಿರುವ ಫಿನಾಲ್ ಜಾತಿಯ ವಸ್ತುಗಳನ್ನು ಅಲ್ಲೇ ಇರುವ ಕಿಣ್ವವೊಂದು ಗಾಳಿಯ ಆಮ್ಲಜನಕದೊಡನೆ ವರ್ತಿಸುವಂತೆ ಮಾಡುವುದೇ ಇದಕ್ಕೆ ಕಾರಣ. ಅಡುಗೆಮನೆಯಲ್ಲಿ ಕಿರಿಕಿರಿಯೆನಿಸುವ ಈ ಗುಣದಿಂದ ಕಾರ್ಖಾನೆಗಳ ವಿಷದ ನೀರನ್ನೂ ಶುದ್ಧಗೊಳಿಸಬಹುದು ಎಂಬುದು ಹೊಳೆಯಲು ಮಾತ್ರ ಬಹಳ ಕಾಲ ಬೇಕಾಯಿತು.

ಮದ್ದೇ ವಿಷವಾಯಿತು

ಫಿನಾಲ್ ಎಂದರೆ ಹಿಂದಿನವರ ಕಾರ್ಬಾಲಿಕ್ ಆಮ್ಲ. ಕಾರ್ಬಾಲಿಕ್ ಸೋಪಿನ ಘಾಟು ಬಲ್ಲವರಿಗೆ ಇದು ಅಪರಿಚಿತವೇನಲ್ಲ. ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ 1834ರಲ್ಲಿ ಇದನ್ನು ಕಲ್ಲಿದ್ದಲಿನ ಟಾರಿನಿಂದ ಬೇರ್ಪಡಿಸಿದರು. ಮುಂದೆ ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ ಚರಂಡಿ ನೀರಿನ ದುರ್ವಾಸನೆ ಅಡಗಿಸಲು ಇದನ್ನು ಬಳಸತೊಡಗಿದರು. ಆ ಸುದ್ದಿ ತಿಳಿದ ವೈದ್ಯ ಜೋಸೆಫ್ ಲಿಸ್ಟರ್ 1865ರಲ್ಲಿ ಗ್ಲಾಸ್ಗೋದಲ್ಲಿ ರೋಗಿಗಳ ಗಾಯಕ್ಕೆ ಇದನ್ನೇ ಲೇಪಿಸಿದರು. ಕೀವು ಕಡಿಮೆಯಾಯಿತು, ಶಸ್ತ್ರಚಿಕಿತ್ಸೆಯ ಇತಿಹಾಸವೇ ಬದಲಾಯಿತು.

ಚರಂಡಿಗೆ ಮದ್ದೆಂದು ಸುರಿದ ವಸ್ತು ಕ್ರಮೇಣ ಚರಂಡಿಯಿಂದ ತೆಗೆಯಬೇಕಾದ ವಿಷವಾದದ್ದು ವಿಪರ್ಯಾಸ. ಉಕ್ಕಿನ ಕಾರ್ಖಾನೆಗೆ ಕೋಕ್ ಒದಗಿಸುವ ಕುಲುಮೆಗಳು, ತೈಲ ಶುದ್ಧೀಕರಣ ಘಟಕಗಳು, ರಾಳ ತಯಾರಿಸುವ ಕಾರ್ಖಾನೆಗಳು ಹೊರಬಿಡುವ ನೀರಿನಲ್ಲಿ ಫಿನಾಲ್ ಇರುತ್ತದೆ. ನಮ್ಮ ದೇಶದ ನಿಯಮದಂತೆ ನದಿ, ಕೆರೆಗಳಿಗೆ ಬಿಡುವ ತ್ಯಾಜ್ಯನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಇರಕೂಡದು. ಕುಡಿಯುವ ನೀರಿಗಾದರೆ ಅಪೇಕ್ಷಿತ ಮಿತಿ 0.001 ಮಿಲಿಗ್ರಾಂ, ಅಂದರೆ ಸಾವಿರ ಪಟ್ಟು ಬಿಗಿ.

ಕೊಳಚೆ ನೀರನ್ನು ಸೂಕ್ಷ್ಮಜೀವಿಗಳಿಂದಲೇ ಶುದ್ಧಗೊಳಿಸುವ ವಿಧಾನವನ್ನು ಮ್ಯಾಂಚೆಸ್ಟರಿನ ಆರ್ಡೆರ್ನ್ ಮತ್ತು ಲಾಕೆಟ್ 1914ರಲ್ಲಿ ಪ್ರಕಟಿಸಿದರು. ಕೊಳಚೆಗೆ ಗಾಳಿ ಊದಿ, ತಳದಲ್ಲಿ ನಿಂತ ಜೀವಂತ ಕೆಸರನ್ನು ಮತ್ತೆ ಮತ್ತೆ ಬಳಸುವ ವಿಧಾನ ಅದು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಜನರ ಟಾಟಾ ಇನ್‌ಸ್ಟಿಟ್ಯೂಟಿಗೆ, ಪ್ರಾಧ್ಯಾಪಕರಾಗಿ ಬಂದರು ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಜಗತ್ತಿನ ಬಹುಪಾಲು ನಗರಗಳ ಕೊಳಚೆ ಶುದ್ಧಿಗೆ ಇಂದಿಗೂ ಈ ವಿಧಾನ ಅಥವಾ ಇದರ ಸುಧಾರಿತ ರೂಪಗಳೇ ಆಧಾರ.

ಆದರೆ ಇದಕ್ಕೊಂದು ಮಿತಿಯಿದೆ. ಫಿನಾಲ್ ಸ್ವಲ್ಪವಿದ್ದರೆ ಅದನ್ನು ತಿಂದು ಅರಗಿಸಿಕೊಳ್ಳುವ ಸೂಕ್ಷ್ಮಜೀವಿಗಳುಂಟು. ಒಮ್ಮೆಲೇ ಹೆಚ್ಚು ಬಂದರೆ ಅವೇ ಸಾಯುತ್ತವೆ. ಲಿಸ್ಟರ್ ಗಾಯದಲ್ಲಿ ಕಂಡ ಪರಿಣಾಮವೇ ಶುದ್ಧೀಕರಣದ ತೊಟ್ಟಿಯಲ್ಲೂ ಆಗುತ್ತದೆ. ತೊಟ್ಟಿ ಮತ್ತೆ ಸರಿದಾರಿಗೆ ಬರುವವರೆಗೆ ಕೊಳೆಯ ಪಾಲು ಕೆಳಗಿನ ಊರುಗಳಿಗೆ.

ಜೀವ ಬೇಡ, ಕಿಣ್ವ ಸಾಕು

ಜೀವಿಯನ್ನು ಬಿಟ್ಟು ಅದರ ಉಪಕರಣವನ್ನಷ್ಟೇ ಬಳಸಲಾಗದೆ? ಜರ್ಮನಿಯ ಎಡ್ವರ್ಡ್ ಬುಕ್ನರ್ 1897ರಲ್ಲಿ ಈಸ್ಟ್ ಕೋಶಗಳನ್ನು ಅರೆದು ಹಿಂಡಿದ ರಸವೂ ಸಕ್ಕರೆಯನ್ನು ಮದ್ಯಸಾರವಾಗಿಸಬಲ್ಲದೆಂದು ತೋರಿಸಿದ್ದರು. ಕಿಣ್ವದ ಕೆಲಸಕ್ಕೆ ಜೀವಂತ ಕೋಶ ಬೇಕಿಲ್ಲವೆಂಬುದು ಇದರಿಂದ ಖಚಿತವಾಯಿತು. 1907ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು.

ಫಿನಾಲ್‌ಗೆ ತಕ್ಕ ಕಿಣ್ವದ ಸುಳಿವು ಇನ್ನೂ ಹಳೆಯದು. ಫ್ರಾನ್ಸಿನ ಔಷಧ ತಯಾರಕ ಪ್ಲಾಂಷ್ 1810ರಲ್ಲಿ ಗ್ವಾಯಾಕ್ ಎಂಬ ಮರದ ಅಂಟಿನ ದ್ರಾವಣಕ್ಕೆ ಹಾರ್ಸ್‌ರಾಡಿಷ್ ಬೇರು ಹಾಕಿದಾಗ ಅದು ನೀಲಿಯಾದದ್ದನ್ನು ಕಂಡಿದ್ದರು. ಹಾರ್ಸ್‌ರಾಡಿಷ್ ಸಾಸಿವೆ, ಮೂಲಂಗಿಗಳ ಕುಟುಂಬದ ಗಿಡ. ಬೇರಿನ ಖಾರದಿಂದಾಗಿ ಇಂಗ್ಲಿಷರು ನಮ್ಮ ನುಗ್ಗೆಯನ್ನೂ ಹಾರ್ಸ್‌ರಾಡಿಷ್ ಮರ ಎಂದು ಕರೆದದ್ದುಂಟು. ಆದರೆ ಇವೆರಡೂ ಬೇರೆ ಬೇರೆ. ಆ ನೀಲಿ ಬಣ್ಣಕ್ಕೆ ಕಾರಣವಾದ ಕಿಣ್ವಕ್ಕೆ ಮುಂದೆ ಪೆರಾಕ್ಸಿಡೇಸ್ ಎಂಬ ಹೆಸರು ಬಂತು.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಅಲೆಕ್ಸಾಂಡರ್ ಕ್ಲಿಬಾನೋವ್ ಮತ್ತು ಸಂಗಡಿಗರು 1980ರಲ್ಲಿ ಈ ಕಿಣ್ವವನ್ನು ತ್ಯಾಜ್ಯನೀರಿನ ಮೇಲೆ ಪ್ರಯೋಗಿಸಿದ ವರದಿ ಪ್ರಕಟಿಸಿದರು. 1983ರಲ್ಲಿ ಕಲ್ಲಿದ್ದಲು ಸಂಸ್ಕರಿಸಿದ ನೀರಿನಲ್ಲೂ ಅದು ಫಲಿಸಿತು. ವಿಧಾನ ಸರಳ. ನೀರಿಗೆ ಕಿಣ್ವದ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಬೇಕು. ಆಗ ಫಿನಾಲ್ ಅಣುಗಳು ಚುರುಕುಗೊಂಡು ಒಂದಕ್ಕೊಂದು ಕೊಂಡಿಯಂತೆ ಬೆಸೆದುಕೊಳ್ಳುತ್ತವೆ. ಹೀಗೆ ಬೆಳೆದ ದೊಡ್ಡ ಅಣುಗಳು ನೀರಿನಲ್ಲಿ ಕರಗದೆ ತಳಕ್ಕಿಳಿಯುತ್ತವೆ. ಬಳಿಕ ಸೋಸಿ ತೆಗೆದರಾಯಿತು. ಸುಲಭವಾಗಿ ಜಗ್ಗದ ಕೆಲವು ಮಾಲಿನ್ಯಗಳೂ ಇವುಗಳಿಗೆ ಅಂಟಿಕೊಂಡು ಹೊರಬರುತ್ತವೆ.

ಹಾಗಾದರೆ ಎಲ್ಲ ಕಾರ್ಖಾನೆಗಳಲ್ಲೂ ಇದೇಕೆ ಬಂದಿಲ್ಲ? ಮೊದಲ ಅಡ್ಡಿ ದುಡ್ಡು. ಶುದ್ಧಗೊಳಿಸಿದ ಕಿಣ್ವ ದುಬಾರಿ. ಎರಡನೆಯದು, ಕೆಲಸ ಮಾಡುತ್ತಲೇ ಕಿಣ್ವ ಶಕ್ತಿ ಕಳೆದುಕೊಳ್ಳುತ್ತದೆ. ತಾನೇ ಹುಟ್ಟಿಸಿದ ಗಸಿ ಅದಕ್ಕೆ ಮೆತ್ತಿಕೊಳ್ಳುತ್ತದೆ. ಪೆರಾಕ್ಸೈಡ್ ಹೆಚ್ಚಾದರೂ ಕೆಡುತ್ತದೆ. ಮೂರನೆಯದು, ತಳದಲ್ಲಿ ನಿಂತ ಗಸಿಯನ್ನೂ ಎಲ್ಲಿಯಾದರೂ ವಿಲೇವಾರಿ ಮಾಡಲೇಬೇಕು.

ಕಿಣ್ವವನ್ನು ಅಷ್ಟು ಶುದ್ಧಗೊಳಿಸಲೇಬೇಕೆ ಎಂಬ ಪ್ರಶ್ನೆಯಿಂದ ಹೊಸ ದಾರಿ ತೆರೆಯಿತು. ಪೆನ್ಸಿಲ್ವೇನಿಯಾದ ವಿಜ್ಞಾನಿಗಳಾದ ಡೆಕ್ ಮತ್ತು ಬೊಲ್ಲಾಗ್ 1994ರಲ್ಲಿ ಗಿಡದ ಬೇರನ್ನೇ ಕೊಚ್ಚಿ ಹಾಕಿದರೂ ಫಿನಾಲ್ ಹೋಗುತ್ತದೆಂದು ತೋರಿಸಿದರು. ಸೋಯಾ ಅವರೆಯ ಸಿಪ್ಪೆಯಲ್ಲೂ ಪೆರಾಕ್ಸಿಡೇಸ್ ಧಾರಾಳವಾಗಿದೆ. ಬೀದರ್, ಬೆಳಗಾವಿ ಜಿಲ್ಲೆಗಳಲ್ಲಿ ಬೆಳೆಯುವ ಅದೇ ಸೋಯಾ. ಎಣ್ಣೆ ತೆಗೆಯುವಾಗ ಬೇರ್ಪಡುವ ಆ ಸಿಪ್ಪೆಗೆ ಹೆಚ್ಚಿನ ಬೆಲೆಯಿಲ್ಲ. ಕಿಣ್ವದ ಖರ್ಚು ತಗ್ಗಬೇಕಾದರೆ ಇಂಥ ಅಗ್ಗದ ಮೂಲಗಳಿಂದಲೇ ತಗ್ಗಬೇಕು.

ಇಷ್ಟಾದರೂ ಕಿಣ್ವವು ಸೂಕ್ಷ್ಮಜೀವಿಗಳನ್ನು ಮೂಲೆಗೊತ್ತುವುದಿಲ್ಲ. ಅವು ತಡೆಯಲಾರದ ವಿಷವನ್ನು ಮೊದಲೇ ತೆಗೆದು, ಉಳಿದ ಕೆಲಸವನ್ನು ಅವುಗಳಿಗೆ ಬಿಡುವುದಷ್ಟೇ ಅದರ ಪಾತ್ರ. ಕೆಳಗಿನ ಊರಿನವರ ಪಾಲಿಗೆ ಅದೇ ದೊಡ್ಡ ಉಪಕಾರ.