ಕಲಬುರಗಿಯ ಕೋಟೆಯೊಳಗೆ ಒಂದು ದಿನ

ಕೋಟೆಯ ಊರು ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಕಡಲಂಚು. ಹಡಗಿನಿಂದಿಳಿದು ಸಂಜೆಯವರೆಗೆ ಹಳೆಯ ಗೋಡೆಗಳ ನಡುವೆ ತಿರುಗಾಡುವ ಪ್ರವಾಸಿಗರನ್ನು ಅವರು ಟಿ.ವಿ.ಯಲ್ಲಿ ನೋಡಿದ್ದಾರೆ. ನಮ್ಮ ಕಲಬುರಗಿಗೆ ಹಡಗಿಲ್ಲ. ಬಸ್ಸಿಗೇ ಬರಬೇಕು, ಅದೂ ಬಿಸಿಲೇರುವ ಮೊದಲು.

ಆದರೆ ಈ ಕೋಟೆಗೂ ಕಡಲಿಗೂ ನಂಟಿತ್ತು. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನಿ ರಾಜ್ಯ ಕಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾ, ಪಶ್ಚಿಮ ತೀರದ ಬಂದರುಗಳಿಂದ ಹಡಗುಗಳನ್ನು ಕಳುಹಿಸಿ ಪರದೇಶದ ಸರಕುಗಳ ಜೊತೆಗೆ ವಿದ್ವಾಂಸರನ್ನೂ ಕರೆಸುತ್ತಿದ್ದನೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಸರಕಿನ ಪಟ್ಟಿಯಲ್ಲಿ ಪಂಡಿತರನ್ನೂ ಸೇರಿಸಿದ ಅರಸರು ಎಷ್ಟು ಮಂದಿ ಇದ್ದಾರು!

ಕಂದಕ ದಾಟಿ ಒಳಹೊಕ್ಕರೆ ಎರಡು ಸುತ್ತಿನ ಗೋಡೆ, ಬುರುಜುಗಳು, ಉದ್ದನೆಯ ತೋಪು. ಮಕ್ಕಳು ತೋಪಿನ ಬಳಿಯೇ ನಿಂತುಬಿಡುತ್ತಾರೆ. ದೊಡ್ಡವರು ನಿಲ್ಲಬೇಕಾದದ್ದು ಜಾಮಿ ಮಸೀದಿಯ ಮುಂದೆ. 1367ರ ಈ ಕಟ್ಟಡದ ಶಾಸನದಲ್ಲಿ ಇರಾನಿನ ಕಜ್ವೀನ್ ಊರಿನ ರಫಿ ಎಂಬವನ ಹೆಸರಿದೆ. ಸುಮಾರು 216 ಅಡಿ ಉದ್ದ, 176 ಅಡಿ ಅಗಲ. ನಮ್ಮ ದೇಶದ ದೊಡ್ಡ ಮಸೀದಿಗಳ ನಡುವೆ ಸಾಮಾನ್ಯವಾಗಿ ತೆರೆದ ಅಂಗಳವಿರುತ್ತದೆ. ಇಲ್ಲಿ ಇಡೀ ಜಾಗಕ್ಕೇ ಛಾವಣಿ. ಮೂಲೆಗಳಲ್ಲಿ ನಾಲ್ಕು ಗುಮ್ಮಟ, ಪಶ್ಚಿಮಕ್ಕೆ ಒಂದು ದೊಡ್ಡದು, ಉಳಿದೆಡೆ ಸಾಲುಸಾಲಾಗಿ ಚಿಕ್ಕವು. ಬದಿಯ ಓಣಿಗಳ ಕಮಾನುಗಳು ಎಷ್ಟು ಅಗಲವೋ ಅಷ್ಟೇ ತಗ್ಗು. ಹೊರಗೆ ಕೆಂಡದಂಥ ಬಿಸಿಲು, ಒಳಗೆ ತಂಪು. ಸ್ಪೇನಿನ ಕೊರ್ಡೊಬಾದ ಮಸೀದಿಗೆ ಇದನ್ನು ಹೋಲಿಸುವುದುಂಟು. ಹೋಲಿಕೆ ಬೇಕೇ ಇಲ್ಲ ಎಂಬುದು ನಮ್ಮ ಮತ.

ಸೂಫಿ ಸಂತ ಬಂದೇ ನವಾಜ್ ದೆಹಲಿಯಿಂದ ಬಂದಾಗ ಫಿರೋಜ್ ಷಾ ಆದರದಿಂದಲೇ ಬರಮಾಡಿಕೊಂಡ. ಆಮೇಲೆ ಇಬ್ಬರಿಗೂ ಸರಿಬರಲಿಲ್ಲ. ಕೋಟೆಯ ಹತ್ತಿರ ಜನಜಂಗುಳಿ ಹೆಚ್ಚಾಯಿತೆಂಬ ಕಾರಣ ಕೊಟ್ಟು ಸಂತರನ್ನು ದೂರ ಹೋಗುವಂತೆ ಹೇಳಿಸಿದ. ಅವರು ಹೋಗಿ ನೆಲೆಸಿದಲ್ಲೇ ಇಂದಿನ ದರ್ಗಾ ಇದೆ. ಇಬ್ಬರೂ ತೀರಿಕೊಂಡದ್ದು 1422ರಲ್ಲಿ. ಮುಂದೆ ಬಂದ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ.

ಕೋಟೆಯೊಳಗೆ ಇನ್ನೊಂದು ಸಂಗತಿಯನ್ನು ನೋಡದೆ ಬರಲಾಗದು. ಅರಸರು ಹೋದ ಮೇಲೆ ಬಡವರು ಅಲ್ಲಿ ಮನೆ ಮಾಡಿಕೊಂಡರು, ತಲೆಮಾರುಗಳು ಕಳೆದವು. ಇದು ಸಂರಕ್ಷಿತ ಸ್ಮಾರಕ, ಆದ್ದರಿಂದ ಮನೆಗಳನ್ನು ತೆರವು ಮಾಡಿಸುವ ವಿಚಾರ ನ್ಯಾಯಾಲಯದವರೆಗೂ ಹೋಯಿತು. ಗೋಡೆ ಉಳಿಯಬೇಕು, ನಿಜ. ಆದರೆ ಆ ಕುಟುಂಬಗಳಿಗೆ ಮೊದಲು ಬೇರೆ ಕಡೆ ಸೂರು, ನೀರು, ಮಕ್ಕಳಿಗೆ ಹತ್ತಿರದಲ್ಲೇ ಶಾಲೆ ಸಿಗಲಿ. ತೆರವಿನ ಮಾತು ಆಮೇಲೆ.